ಮಳೆಹನಿ ನುಂಗಿದ ಪಾಪ

ನನಗಾಗ ಹತ್ತು ವರ್ಷ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ನಮ್ಮ ಮನೆ. ಚರ್ಚಿಗೆ ಹೋಗಬೇಕೆಂದರೆ ಗದ್ದೆ ಅಂಚು ಹಿಡಿದು, ಹಳ್ಳದ ಮೇಲಿನ ಸಂಕ ದಾಟಿ, ಗುಡ್ಡ ಹತ್ತಿ ಇಳಿದು ಒಂದೂವರೆ ಗಂಟೆ ನಡೆಯಬೇಕಿತ್ತು. ಆವತ್ತು ಜುಲೈ ತಿಂಗಳ ಒಂದು ಭಾನುವಾರ. ಮಳೆ ಅಂದರೆ ಅಂಥಿಂಥ ಮಳೆಯಲ್ಲ. ಅಜ್ಜಿ ಗೊರಬು ಹೊದ್ದು ಮುಂದೆ, ನಾನು ಕಂಬಳಿ ಕೊಪ್ಪೆ ಹಾಕಿಕೊಂಡು ಹಿಂದೆ. ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ತುಟಿ ಒಳಕ್ಕೆ ಎಳೆದುಕೊಂಡು, ಹಲ್ಲು ಕಚ್ಚಿ, ಮೂಗಿನಲ್ಲೇ ಉಸಿರಾಡುತ್ತಾ ನಡೆದೆ.

ಪರಮಪ್ರಸಾದ ಅಂದರೆ ಚರ್ಚಿನ ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ. ಅದನ್ನು ತೆಗೆದುಕೊಳ್ಳುವವರು ನಡುರಾತ್ರಿಯಿಂದ ಒಂದು ಹನಿ ನೀರೂ ಕುಡಿಯಬಾರದು ಅಂತ ಅಜ್ಜಿ ಹೇಳಿದ್ದರು. ಹಲ್ಲುಜ್ಜುವಾಗಲೂ ಅವರು ಕಾವಲು ನಿಲ್ಲುತ್ತಿದ್ದರು. ಬಾಯಿ ಮುಕ್ಕಳಿಸಿ ಪೂರ್ತಿ ಉಗುಳಬೇಕು. ಹಾಗಿರುವಾಗ ಮಳೆನೀರು? ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಆಯಿತಲ್ಲ ಅಂದುಕೊಂಡೆ.

ಸಂಕದ ಮೇಲೆ ಕಾಲು ಜಾರಿತು. ಬೀಳಲಿಲ್ಲ, ಆದರೆ 'ಅಯ್ಯೋ' ಅಂದೆ. ಅಷ್ಟು ಸಾಕಾಯಿತು. ಬಾಯಿ ತುಂಬ ಮಳೆ. ಗುಟುಕ್ ಅಂತ ನುಂಗಿದ್ದು ನನಗೇ ಕೇಳಿಸಿತು. ಅಜ್ಜಿ ತಿರುಗಿ ನೋಡಿ, "ಹುಷಾರು ಮಗಾ" ಅಂದರು. ನಾನು ತಲೆಯಾಡಿಸಿದೆ. ಬಲಿಪೂಜೆಯಲ್ಲಿ ಎಲ್ಲರೂ ಸಾಲಿಗೆ ಎದ್ದಾಗ ಕೂತೇ ಇದ್ದರೆ ಅಜ್ಜಿ ಯಾಕೆ ಅಂತ ಕೇಳುತ್ತಾರೆ. ಹಾಗಾಗಿ ನಾನೂ ಎದ್ದೆ, ನಾಲಿಗೆ ಚಾಚಿದೆ, ಪ್ರಸಾದ ತೆಗೆದುಕೊಂಡೆ. ವಾಪಸ್ ಬಂದು ಕೂತಾಗ ಕೈಕಾಲು ನಡುಗುತ್ತಿತ್ತು. ಯೋಗ್ಯತೆ ಇಲ್ಲದೆ ಈ ರೊಟ್ಟಿ ತಿನ್ನುವವನು ತನ್ನ ಮೇಲೆ ತಾನೇ ದಂಡನೆ ತಂದುಕೊಳ್ಳುತ್ತಾನೆ ಅಂತ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಆಗಿತ್ತು.

ಆವತ್ತು ರಾತ್ರಿ ಸಿಡಿಲು. ಆ ಕಡೆಯವರಿಗೆ ಗೊತ್ತು, ಆಗುಂಬೆ ಸೀಮೆಯ ಗುಡುಗು ಮನೆಯ ತೊಲೆಯನ್ನೇ ಅಲ್ಲಾಡಿಸಿದ ಹಾಗೆ ಇರುತ್ತದೆ. ಗುಡುಗಿದಾಗಲೆಲ್ಲ ನಮ್ಮ ಮನೆಯಲ್ಲಿ ಗರಿಗಳ ಭಾನುವಾರ ಆಶೀರ್ವಾದ ಮಾಡಿಸಿ ತಂದ ತೆಂಗಿನ ಗರಿಯ ಚೂರನ್ನು ಕೆಂಡಕ್ಕೆ ಹಾಕುತ್ತಿದ್ದರು. ಹೊಗೆ ಮನೆಯೆಲ್ಲ ತುಂಬುತ್ತಿತ್ತು. ಬೇರೆಯವರಿಗೆ ಅದು ರಕ್ಷಣೆಯ ವಾಸನೆ. ನನಗೆ ಮಾತ್ರ, ದೇವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದಾನೆ, ಹೊಗೆಯಲ್ಲಿ ದಾರಿ ಕಾಣದೆ ಸುತ್ತುತ್ತಿದ್ದಾನೆ ಅನಿಸಿತು.

ನಮ್ಮ ಪಕ್ಕದ ಮನೆಯವರು ದೀವರು. ಅವರ ತೋಟದ ಮೂಲೆಯಲ್ಲಿ ಚೌಡಿಯ ಕಲ್ಲು ಇತ್ತು. ಅವರಿಗೂ ಹೆದರಿಕೆ ಇತ್ತು, ಇರಲಿಲ್ಲ ಅಂತಲ್ಲ. ಆದರೆ ವರ್ಷಕ್ಕೊಮ್ಮೆ ಕೋಳಿ, ಕಾಯಿ ಕೊಟ್ಟು ಬಂದಮೇಲೆ ಆ ಮನೆಯವರ ಮುಖ ಹಗುರಾಗುತ್ತಿತ್ತು. ಆ ಮನೆಯ ಹುಡುಗ ನನ್ನ ಜೊತೆಯವನು. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಲೆಕ್ಕ ವರ್ಷಕ್ಕೊಮ್ಮೆ ಮುಗಿಯುತ್ತದೆ, ನಮ್ಮ ಲೆಕ್ಕ ಮುಗಿಯುವುದೇ ಇಲ್ಲ ಅಂತ ನಾನು ನಂಬಿದ್ದೆ.

ಲೆಕ್ಕ ಅನ್ನುವ ಮಾತು ಸುಮ್ನೆ ಬಳಸುತ್ತಿಲ್ಲ. ಮುಂದೆ ನಾನು ಬಿ.ಕಾಂ. ಮುಗಿಸಿ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತನಾದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆ ಬರುತ್ತದೆ. ಬೆಳೆಗಾರರು ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ಮುಂಗಡ ತೆಗೆದುಕೊಂಡಿರುತ್ತಾರೆ. ಅಡಿಕೆ ಮಾರಾಟವಾದಾಗ ಅದನ್ನು ಮುರಿದುಕೊಂಡು ಉಳಿದದ್ದು ಕೊಡುವುದು. ಕಿರ್ದಿ, ಖಾತೆ, ಬಾಕಿ, ಬಡ್ಡಿ. ಈ ಕೆಲಸದಲ್ಲಿ ನಾನು ಪಕ್ಕಾ ಇದ್ದೆ. ಒಂದು ರೂಪಾಯಿ ತಾಳೆ ಬೀಳದಿದ್ದರೆ ರಾತ್ರಿ ಒಂಬತ್ತರವರೆಗೂ ಕೂರುತ್ತಿದ್ದೆ. ಸಾಹುಕಾರರು ಎಲ್ಲರ ಮುಂದೆ ಹೊಗಳುತ್ತಿದ್ದರು.

ಇನ್ನೊಂದು ಪುಸ್ತಕ ಇತ್ತು. ಕೆಂಪು ರಟ್ಟಿನದು, ಉದ್ದದ್ದು, ಮಂಡಿಯದರ ಹಾಗೇ. ಅದರಲ್ಲಿ ನನ್ನ ಪಾಪಗಳ ಲೆಕ್ಕ. ಎಡಗಡೆ ತಾರೀಖು, ನಡುವೆ ಪಾಪ, ಬಲಗಡೆ ನಿವೇದನೆ ಮಾಡಿದ ದಿನ. ಯಾರಿಗೂ ಗೊತ್ತಾಗಬಾರದು ಅಂತ ಗುರುತಿನ ಅಕ್ಷರ. 'ಕೋ' ಅಂದರೆ ಕೋಪ, 'ಸು' ಅಂದರೆ ಸುಳ್ಳು, 'ಚಿ' ಅಂದರೆ ಕೆಟ್ಟ ಚಿಂತೆ. ಚಿ ಜಾಸ್ತಿ ಇರುತ್ತಿತ್ತು. ಎಲ್ಲಕ್ಕಿಂತ ಮೇಲೆ, ಮೊದಲ ಪುಟದ ಮೊದಲ ಸಾಲಿನಲ್ಲಿ, 'ಮ'. ಆ ಮಳೆಹನಿ. ಅದರ ಬಲಗಡೆ ಒಂದು ತಾರೀಖಲ್ಲ, ಹದಿನಾರು ತಾರೀಖು.

ಕಥೋಲಿಕರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಪಾಪನಿವೇದನೆ ಅಂದರೆ ಗುರುಗಳ ಮುಂದೆ ಮೊಣಕಾಲೂರಿ ತಪ್ಪು ಒಪ್ಪಿಕೊಳ್ಳುವುದು. ಅವರು ದೇವರ ಹೆಸರಿನಲ್ಲಿ ಕ್ಷಮೆ ಘೋಷಿಸುತ್ತಾರೆ, ಸಣ್ಣದೊಂದು ಪ್ರಾಯಶ್ಚಿತ್ತ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ಹೇಳಿದ ಪಾಪವನ್ನು ಮತ್ತೆ ಹೇಳಬೇಕಿಲ್ಲ. ನನಗೆ ಮಾತ್ರ ಮುಗಿಯುತ್ತಿರಲಿಲ್ಲ. ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಶುರು. ಸರಿಯಾಗಿ ಹೇಳಿದೆನಾ? ಎಷ್ಟು ಸಲ ಅಂತ ಹೇಳಿದೆನಾ? ನಿಜವಾಗಿ ಪಶ್ಚಾತ್ತಾಪ ಇತ್ತಾ, ಇಲ್ಲ ನರಕದ ಹೆದರಿಕೆ ಅಷ್ಟೇನಾ? ಹೆದರಿಕೆ ಅಷ್ಟೇ ಆಗಿದ್ದರೆ ಆ ನಿವೇದನೆ ಲೆಕ್ಕಕ್ಕೆ ಬರುತ್ತದಾ?

ಬಿ.ಎಚ್. ರಸ್ತೆಯ ಪವಿತ್ರ ಹೃದಯದ ದೊಡ್ಡ ಚರ್ಚಿಗೆ ಪ್ರತಿ ಶನಿವಾರ ಹೋಗುತ್ತಿದ್ದೆ. ಅದೇ ಗುರುಗಳ ಹತ್ತಿರ ಅದೇ ಪಾಪ ಎಷ್ಟು ಸಲ ಹೇಳುವುದು? ನಾಚಿಕೆ. ಹಾಗಾಗಿ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಅಲ್ಲಿ ಹೇಳಿ ಬರುತ್ತಿದ್ದೆ. ಒಮ್ಮೆ ಸಾಗರದವರೆಗೂ ಹೋಗಿದ್ದೇನೆ. ಮನೆಯಲ್ಲಿ ಮಂಡಿ ವಸೂಲಿ ಅಂತ ಹೇಳಿದ್ದೆ. ಅದು ಸುಳ್ಳಾಯಿತಲ್ಲ, ಅದನ್ನೂ ಬರೆದುಕೊಂಡೆ. ಈಗ ನಗು ಬರುತ್ತದೆ. ಆಗ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಅತ್ತಿದ್ದೇನೆ.

ಪಾಪ ಮಾರಕ, ಅಂದರೆ ನರಕಕ್ಕೆ ಒಯ್ಯುವಂಥದು, ಆಗಬೇಕಾದರೆ ಮೂರೂ ಇರಬೇಕು: ವಿಷಯ ಗಂಭೀರ ಆಗಿರಬೇಕು, ಅದು ಗೊತ್ತಿರಬೇಕು, ಪೂರ್ತಿ ಮನಸ್ಸಿನಿಂದ ಮಾಡಿರಬೇಕು. ಇದೂ ನನಗೆ ಬಾಯಿಪಾಠ. ಹೆದರಿಕೆಗೆ ಬಾಯಿಪಾಠ ಕೇಳಿಸುವುದಿಲ್ಲ. ಅದೂ ಅಲ್ಲದೆ ಒಂದು ಧ್ಯಾನಕೂಟದಲ್ಲಿ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಎರಡು ಗಂಟೆ ನರಕವನ್ನು ಬಣ್ಣಿಸಿದರು. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಕುಡುಕನೊಬ್ಬ ಅದನ್ನು ಕೇಳಿ ಬಾಟಲಿ ಬಿಟ್ಟಿರಬಹುದು. ನಾನು ಬಿಟ್ಟಿದ್ದು ಪರಮಪ್ರಸಾದವನ್ನು. ಎರಡು ವರ್ಷ ಸಾಲಿಗೆ ಏಳಲೇ ಇಲ್ಲ. ಹೆದರುವವರಿಗೆ ಇನ್ನಷ್ಟು ಹೆದರಿಸುವ ಪ್ರಸಂಗ ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಮಾತ್ರೆ ಕೊಟ್ಟ ಹಾಗೆ ಅಂತ ನನ್ನ ಅಭಿಪ್ರಾಯ.

ಪುಸ್ತಕ ಸಿಕ್ಕಿದ್ದು ಹೆಂಡತಿಯ ಕೈಗೆ. ಮಂಡಿಯದು ಇರಬೇಕು, ಮರೆತು ಬಂದಿದ್ದಾರೆ ಅಂದುಕೊಂಡು ತೆರೆದು ನೋಡಿದ್ದಾಳೆ. ಸಂಜೆ ಕಾಫಿ ಕೊಡುತ್ತಾ ಕೇಳಿದಳು, "ಇದು ಯಾರ ಖಾತೆ? ಪಾಪ, ಇಷ್ಟೊಂದು ಬಾಕಿ ಇಟ್ಕೊಂಡಿದಾರಲ್ಲ."

ನಾನು ಉತ್ತರ ಕೊಡಲಿಲ್ಲ. ಕಾಫಿ ಆರಿಹೋಯಿತು. ಆಮೇಲೆ ಎಲ್ಲ ಹೇಳಿದೆ, ಮಳೆಹನಿಯಿಂದ ಹಿಡಿದು. ಅವಳು ಬೈಯಲಿಲ್ಲ, ನಗಲೂ ಇಲ್ಲ. ಅವಳ ತವರು ಕೊಪ್ಪದ ಕಡೆ. ಅಲ್ಲಿ ವಯಸ್ಸಾದ ಗುರುಗಳೊಬ್ಬರಿದ್ದಾರೆ, ನಿವೃತ್ತರು, ಕಿವಿ ಸ್ವಲ್ಪ ಮಂದ, ಅವರ ಹತ್ತಿರ ಹೋಗೋಣ ಅಂದಳು. ಕಿವಿ ಮಂದ ಅಂದಿದ್ದು ಕೇಳಿ ನನಗೆ ಧೈರ್ಯ ಬಂತು ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಅವರು ನನ್ನನ್ನು ನಿವೇದನೆಯ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿಸಿದರು. ನಾನು ಪುಸ್ತಕ ಕೊಟ್ಟೆ. ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟು 'ಮ' ಅಂದರೇನು ಅಂತ ಕೇಳಿದರು. ಜೋರಾಗಿ ಹೇಳಬೇಕಾಯಿತು. ಮಳೆನೀರು, ಅಜ್ಜಿ, ಸಂಕ, ಎಲ್ಲ.

"ನೀವು ಹುಟ್ಟಿದ್ದು ಯಾವಾಗ?" ಅಂದರು.

"1974."

"ನೀರು ಕುಡಿದರೆ ಉಪವಾಸ ಮುರಿಯೋದಿಲ್ಲ ಅಂತ ಪೋಪ್ 12ನೇ ಪಿಯುಸ್ ಹೇಳಿದ್ದು 1953ರಲ್ಲಿ. ನಡುರಾತ್ರಿಯಿಂದ ಉಪವಾಸ ಅನ್ನೋದೂ ಹೋಯ್ತು. 1964ರಲ್ಲಿ 6ನೇ ಪೌಲರು ಒಂದೇ ಗಂಟೆ ಸಾಕು ಅಂದರು. ನಿಮ್ಮಜ್ಜಿ ಕಲಿತದ್ದು ಅದಕ್ಕೂ ಮೊದಲಿನ ಕಾನೂನು. ಪಾಪ, ಅವರು ಪ್ರೀತಿಯಿಂದಲೇ ಹೇಳಿರ್ತಾರೆ."

ನಾನು ಸುಮ್ಮನೆ ಕೂತೆ. ನಾನು ಹುಟ್ಟುವ 21 ವರ್ಷ ಮೊದಲೇ ರದ್ದಾದ ಕಾನೂನು. ಅದನ್ನು ಮುರಿದೆ ಅಂತ ಇಪ್ಪತ್ತೈದು ವರ್ಷ ನಿದ್ದೆಗೆಟ್ಟಿದ್ದೆ. ಹದಿನಾರು ಸಲ ನಿವೇದಿಸಿದರೂ ಗುರುಗಳಲ್ಲಿ ಯಾರೂ ಯಾಕೆ ಹೇಳಲಿಲ್ಲ ಅಂತ ಸಿಟ್ಟೂ ಬಂತು. ಆಮೇಲೆ ಹೊಳೆಯಿತು, ನಾನು ಅವರಿಗೆ ಮಳೆಹನಿ ಅಂತ ಯಾವತ್ತೂ ಹೇಳಿರಲಿಲ್ಲ. 'ಅಯೋಗ್ಯವಾಗಿ ಪ್ರಸಾದ ತೆಗೆದುಕೊಂಡೆ' ಅಂತಷ್ಟೇ ಗುಸುಗುಟ್ಟಿ ಎದ್ದು ಬರುತ್ತಿದ್ದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಮಳೆಹನಿ ಹೋದರೆ ಎರಡನೇ ಸಾಲು ಇತ್ತು. ಆ ಗುರುಗಳಿಗೆ ಅದು ಗೊತ್ತಿತ್ತು. ನೀವು ಲೆಕ್ಕದವರು, ನಿಮಗೊಂದು ಲೆಕ್ಕ ಕೊಡುತ್ತೇನೆ, ಮುಂದಿನ ಸಲ ಬರುವಾಗ ಮಾಡಿಕೊಂಡು ಬನ್ನಿ ಅಂದರು. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಉಳಿಸಿಕೊಂಡ ಆಳಿನ ಕಥೆ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಅಂದರೆ ಒಬ್ಬ ಕೂಲಿಯ ಒಂದು ದಿನದ ಸಂಬಳ. ಆ ಆಳು ಸಾಲ ತೀರಿಸಲು ಎಷ್ಟು ದಿನ ಬೇಕು?

ಮಂಡಿಯಲ್ಲಿ ಊಟದ ಹೊತ್ತಿಗೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಹತ್ತು ಸಾವಿರ ಇಂಟು ಆರು ಸಾವಿರ. ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ. ಅದೂ ಊಟ ಬಟ್ಟೆಗೆ ಒಂದು ಪೈಸೆ ಮುಟ್ಟದೆ, ಬಡ್ಡಿ ಹಾಕದೆ. ನಮ್ಮ ಸಾಹುಕಾರರು ಇಂಥ ಖಾತೆಯನ್ನು ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು.

ಆ ಆಳು ರಾಜನ ಕಾಲಿಗೆ ಬಿದ್ದು ಏನು ಕೇಳುತ್ತಾನೆ ಅಂತ ಆಗ ಮತ್ತೆ ಓದಿದೆ. ಕ್ಷಮಿಸು ಅಂತ ಕೇಳುವುದಿಲ್ಲ. ಸ್ವಲ್ಪ ತಾಳಿಕೋ, ಎಲ್ಲ ತೀರಿಸುತ್ತೇನೆ ಅನ್ನುತ್ತಾನೆ. ಎರಡು ಲಕ್ಷ ವರ್ಷದ ಸಾಲಕ್ಕೆ ಗಡುವು ಕೇಳುತ್ತಿದ್ದಾನೆ! ಇಂಥವರನ್ನು ಮಂಡಿಯಲ್ಲಿ ದಿನಾ ನೋಡುತ್ತೇನೆ. 'ಈ ಕೊಯ್ಲಿಗೆ ಚುಕ್ತಾ ಮಾಡ್ತೀನಿ ಸ್ವಾಮಿ' ಅನ್ನುತ್ತಾರೆ, ಚುಕ್ತಾ ಆಗುವುದಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ನನ್ನ ಶನಿವಾರಗಳು ಕಣ್ಣ ಮುಂದೆ ಬಂದವು. ಭದ್ರಾವತಿ ಬಸ್ಸು, ಸಾಗರದ ಬಸ್ಸು, ಕೆಂಪು ಪುಸ್ತಕ. ನಾನು ಕೇಳುತ್ತಿದ್ದದ್ದೂ ಗಡುವು. ಇನ್ನೊಂದು ವಾರ ಕೊಡು, ಈ ಸಲ ಸರಿಯಾಗಿ ಹೇಳುತ್ತೇನೆ, ಈ ಸಲ ಪೂರ್ತಿ ಪಶ್ಚಾತ್ತಾಪ ತಂದು ತೋರಿಸುತ್ತೇನೆ. ರಾಜ ಆ ಆಳಿಗೆ ಗಡುವು ಕೊಡಲಿಲ್ಲ. ಸಾಲವನ್ನೇ ವಜಾ ಮಾಡಿದ. ಕೇಳದೇ ಇದ್ದದ್ದನ್ನು ಕೊಟ್ಟ.

ಕೃಪೆ ಅನ್ನುವ ಪದವನ್ನು ನಾನು ಸಾವಿರ ಸಲ ಹಾಡಿದ್ದೆ. ಮಂಡಿಯ ಭಾಷೆಯಲ್ಲಿ ಅದು ವಜಾ ಅಂತ ಅರ್ಥವಾಗಿದ್ದು ಆ ಊಟದ ಡಬ್ಬಿಯ ಮುಂದೆ. ಚುಕ್ತಾ ಆದರೆ ನಾನು ಕೊಟ್ಟೆ ಅಂತ. ವಜಾ ಆದರೆ ಅವರು ಬಿಟ್ಟರು ಅಂತ, ಆ ನಷ್ಟ ಅವರ ಪುಸ್ತಕದಲ್ಲಿ ಕೂರುತ್ತದೆ. ಶಿಲುಬೆಯ ಮೇಲಿನ ಆ ನಷ್ಟವನ್ನು ಯಾರು ಹೊತ್ತರು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗುರುಗಳು ಮೂರು ಮಾತು ಹೇಳಿದರು. ಒಬ್ಬರೇ ಗುರುಗಳ ಹತ್ತಿರ ಹೋಗಬೇಕು, ಊರೂರು ಸುತ್ತಬಾರದು. ಹಳೆಯ ಪಾಪ ಮತ್ತೆ ಹೇಳಬಾರದು, ಹೇಳಿದರೆ ತಾನು ನಡುವೆಯೇ ನಿಲ್ಲಿಸುತ್ತೇನೆ. ಮೂರನೆಯದು ನನಗೆ ಆಶ್ಚರ್ಯ ತಂದಿತು: ಶಿವಮೊಗ್ಗದಲ್ಲಿ ಒಬ್ಬ ಮನೋವೈದ್ಯರನ್ನು ನೋಡಬೇಕು. ಇಂಥ ಅತಿಯಾದ ಪಾಪಭೀತಿಗೆ ಇಂಗ್ಲಿಷಿನಲ್ಲಿ ಸ್ಕ್ರುಪ್ಯುಲಾಸಿಟಿ ಅನ್ನುತ್ತಾರೆ. ಅದರ ಮೂಲಪದ ಸ್ಕ್ರುಪುಲಸ್ ಅಂದರೆ ಲ್ಯಾಟಿನ್‌ನಲ್ಲಿ ಚೂಪಾದ ಸಣ್ಣ ಕಲ್ಲಂತೆ. ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನ ಹಾಗೆ ಮನಸ್ಸಾಕ್ಷಿಯನ್ನು ಚುಚ್ಚುವ ಈ ಕಾಯಿಲೆ ಚರ್ಚಿಗೆ ಹಳೆಯ ಪರಿಚಯ. ಮುಂದೆ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿ ಇದೇ ಕಲ್ಲು ಚುಚ್ಚಿ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಅಂತ ಗಟ್ಟಿ ಮಾಡಿದ ಮೇಲೆಯೇ ಬಿಡುಗಡೆ.

ವೈದ್ಯರು ಇದನ್ನು ಗೀಳು ಕಾಯಿಲೆಯ ಒಂದು ಬಗೆ ಅಂದರು. ಕೆಲವರು ಕೈ ತೊಳೆದೂ ತೊಳೆದೂ ಚರ್ಮ ಕಿತ್ತುಕೊಳ್ಳುತ್ತಾರೆ, ನೀವು ಆತ್ಮ ತೊಳೆಯುತ್ತಿದ್ದೀರಿ ಅಷ್ಟೇ. ಮಾತ್ರೆ ಕೊಟ್ಟರು. ಅದರ ಜೊತೆ ಒಂದು ಅಭ್ಯಾಸ: ಹೆದರಿಕೆ ಬಂದಾಗ ಅದನ್ನು ಓಡಿಸಲು ಏನೂ ಮಾಡಬಾರದು. ಬರೆದುಕೊಳ್ಳಬಾರದು, ಕ್ಷಮೆಯ ಪ್ರಾರ್ಥನೆ ಮತ್ತೆ ಮತ್ತೆ ಹೇಳಬಾರದು, ಹೆಂಡತಿಯನ್ನು 'ಇದು ಪಾಪನಾ' ಅಂತ ಕೇಳಬಾರದು. ಹೆದರಿಕೆಯ ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಹೇಳುವುದು ಸುಲಭ. ಮೊದಲ ತಿಂಗಳು ಮಂಡಿಯಿಂದ ಹೊರಟು ತುಂಗಾ ಸೇತುವೆಯ ಮೇಲೆ ನಿಂತು ಕಂಬಿ ಹಿಡಿದುಕೊಂಡು ಬೆವರುತ್ತಿದ್ದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಕೆಳಗೆ ಹೊಳೆ ಹರಿಯುತ್ತಿತ್ತು. ಅಲೆ ಏರುವ ಹಾಗೆ ಹೆದರಿಕೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ ಅಂತ ಮೈಗೆ ಗೊತ್ತಾಗಲು ವರ್ಷವೇ ಹಿಡಿಯಿತು.

ಇದು ಔಷಧವಾ, ನಂಬಿಕೆಯಾ ಅಂತ ಕೇಳುವವರಿದ್ದಾರೆ. ನನಗೆ ಎರಡನ್ನೂ ಬಿಡಿಸಲು ಬರುವುದಿಲ್ಲ. ಕ್ಷಮೆ ಸಿಕ್ಕಿದೆ ಅನ್ನುವ ಭಾವನೆ ಇಲ್ಲದೆಯೇ, ಸಿಕ್ಕಿದೆ ಅನ್ನುವ ಮಾತನ್ನು ಹಿಡಿದು ನಿಂತದ್ದು ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ನಂಬಿಕೆಯ ಕೆಲಸ. ಅದಕ್ಕೂ ಮೊದಲು ನಂಬಿಕೆ ಅಂದುಕೊಂಡದ್ದೆಲ್ಲ ಬರೀ ಜಾಗ್ರತೆ.

ಮಂಡಿಯಲ್ಲಿ ಜೊತೆಗಿದ್ದ ಸಿ.ಎಸ್.ಐ. ಅನ್ನುವ ಪ್ರೊಟೆಸ್ಟೆಂಟ್ ಸಭೆಯ ಗೆಳೆಯನಿಗೆ ಈ ಕಥೆ ಹೇಳಿದಾಗ ಅವನು, "ಇದು ನಮ್ಮ ಲೂಥರ್ ಕಥೆ ಮಾರಾಯ" ಅಂದ. 1505ರ ಜುಲೈನಲ್ಲಿ ಸ್ಟೊಟರ್ನ್‌ಹೈಮ್ ಊರಿನ ಹತ್ತಿರ ಸಿಡಿಲಿಗೆ ಸಿಕ್ಕಿ, ಹೆದರಿ, ಬದುಕಿಸಿದರೆ ಸನ್ಯಾಸಿ ಆಗುತ್ತೇನೆ ಅಂತ ಹರಕೆ ಹೊತ್ತವರು ಮಾರ್ಟಿನ್ ಲೂಥರ್, ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದವರು. ಮಠ ಸೇರಿದ ಮೇಲೂ ಗಂಟೆಗಟ್ಟಲೆ ಪಾಪನಿವೇದನೆ. ಕೊನೆಗೆ ದೇವರ ನೀತಿ ಅನ್ನುವುದು ನಮ್ಮಿಂದ ವಸೂಲಿ ಮಾಡುವುದಲ್ಲ, ನಮಗೆ ಕೊಡುವುದು ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಂಡುಕೊಂಡರು. ಲೂಥರ್ ಮತ್ತು ಇಗ್ನೇಷಿಯಸ್ ಒಂದೇ ಕಾಲದವರು, ಒಂದೇ ಕಲ್ಲು ಚುಚ್ಚಿಸಿಕೊಂಡವರು, ಹೋದ ದಿಕ್ಕು ಮಾತ್ರ ಬೇರೆ. ಕೃಪೆಯ ವಿಷಯದಲ್ಲಿ ಜಗಳ ಸಾಕು, ಮೂಲದ ಮಾತಿನಲ್ಲಿ ನಮಗೆ ಒಪ್ಪಿಗೆ ಇದೆ ಅಂತ ಕಥೋಲಿಕರೂ ಲೂಥರನ್ನರೂ ಸಹಿ ಹಾಕಲು 1999ರ ಅಕ್ಟೋಬರ್ 31 ಬರಬೇಕಾಯಿತು. ನಾವಿಬ್ಬರು ಮಂಡಿಯಲ್ಲಿ ಒಂದು ಚಹಾದಲ್ಲಿ ಒಪ್ಪಿದೆವು ಅಂತ ಗೆಳೆಯ ನಗುತ್ತಾನೆ.

ಹಾಗಾದರೆ ದೇವರ ಭಯ ಬೇಡವಾ? ಯೆಹೋವನ ಭಯವೇ ಜ್ಞಾನಕ್ಕೆ ಮೂಲ ಅಂತ ಜ್ಞಾನೋಕ್ತಿಗಳಲ್ಲಿ ಇದೆಯಲ್ಲ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಗುರುಗಳು ವಿಮೋಚನಕಾಂಡದ 20ನೇ ಅಧ್ಯಾಯ ತೆಗೆಸಿದರು. ಸೀನಾಯ್ ಬೆಟ್ಟದಲ್ಲಿ ಗುಡುಗು, ಮಿಂಚು, ಹೊಗೆ. ಥೇಟ್ ಆಗುಂಬೆ. ಜನ ನಡುಗಿ ದೂರ ನಿಂತಿದ್ದಾರೆ. ಮೋಶೆ ಒಂದೇ ಉಸಿರಿನಲ್ಲಿ ಹೆದರಬೇಡಿ ಅನ್ನುತ್ತಾನೆ, ದೇವರ ಭಯ ನಿಮ್ಮಲ್ಲಿ ಇರಲಿ ಅಂತಲೇ ಇದೆಲ್ಲ ಅಂತಲೂ ಅನ್ನುತ್ತಾನೆ. ಎರಡು ಭಯ. ಒಂದು ಓಡಿಸುವ ಭಯ, ಇನ್ನೊಂದು ಹತ್ತಿರ ನಿಲ್ಲಿಸುವ ಭಯ. ಕನ್ನಡದಲ್ಲಿ ನಾವು ಸುಮ್ನೆ ಭಯ ಅನ್ನುವುದಿಲ್ಲ, ಭಯಭಕ್ತಿ ಅನ್ನುತ್ತೇವೆ. ನನ್ನಲ್ಲಿ ಆ ಜೋಡಿಪದ ಮುರಿದು ಅರ್ಧ ಮಾತ್ರ ಉಳಿದಿತ್ತು. 130ನೇ ಕೀರ್ತನೆ ಇನ್ನೂ ವಿಚಿತ್ರ. ನಿನ್ನಲ್ಲಿ ಕ್ಷಮೆ ಇದೆ, ಆದ್ದರಿಂದ ಜನ ನಿನಗೆ ಭಯಪಡುತ್ತಾರೆ ಅನ್ನುವ ಅರ್ಥದ ಮಾತು ಅಲ್ಲಿದೆ. ಶಿಕ್ಷೆ ಇದೆ, ಅದಕ್ಕೇ ಭಯ ಅಂತಿಲ್ಲ. ನಮ್ಮ ಸಾಹುಕಾರರು ಒಮ್ಮೆ ಒಬ್ಬ ಬೆಳೆಗಾರನ ಬಡ್ಡಿ ಪೂರ್ತಿ ಬಿಟ್ಟಿದ್ದರು. ಆಮೇಲಿಂದ ಆ ಮನುಷ್ಯ ಮಂಡಿಗೆ ಬಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದ. ಯಾರೂ ಹೇಳಿರಲಿಲ್ಲ.

ಕೆಂಪು ಪುಸ್ತಕವನ್ನು ಸುಡೋಣ ಅಂದಿದ್ದೆ. ಹೆಂಡತಿ ಬಿಡಲಿಲ್ಲ. ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ, ಯಾಕೆ ಹಾಳು ಮಾಡ್ತೀರಿ ಅಂದಳು. ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುತ್ತಾಳೆ. 'ಮ' ಇರುವ ಪುಟ ಹಾಗೇ ಇದೆ.

ಹೋದ ವರ್ಷ ಸೆಪ್ಟೆಂಬರ್ 8ಕ್ಕೆ, ತೆನೆ ಹಬ್ಬಕ್ಕೆ, ಊರಿಗೆ ಹೋಗಿದ್ದೆವು. ಈಗ ಚರ್ಚಿನವರೆಗೂ ಟಾರು ರಸ್ತೆ ಇದೆ, ಕಾರು ಹೋಗುತ್ತದೆ. ನಾನು ಮಾತ್ರ ಹಳೆಯ ದಾರಿಯಲ್ಲಿ ನಡೆದು ಬರುತ್ತೇನೆ ಅಂದೆ. ಸಂಕ ಇರುವ ಜಾಗದಲ್ಲಿ ಸಿಮೆಂಟಿನ ಮೋರಿ. ಗುಡ್ಡ ಇಳಿಯುವಾಗ ಮಳೆ ಹಿಡಿಯಿತು. ಕೊಡೆ ಗಾಳಿಗೆ ಮಗುಚಿ ಹಾಳಾಯಿತು, ತೊಪ್ಪೆಯಾದೆ. ಚರ್ಚಿನ ಅಂಗಳ ತಲುಪಿದಾಗ ಮಕ್ಕಳು ಹೂವಿನ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ಹೆಂಡತಿ ಏನೋ ಕೇಳಿದಳು. ಉತ್ತರ ಕೊಡಲು ಹೋದಾಗ ಗೊತ್ತಾಯಿತು, ನನ್ನ ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ತುಟಿ ಒಳಕ್ಕೆ, ಹಲ್ಲು ಕಚ್ಚಿ. ಗುಡ್ಡದ ತುದಿಯಿಂದಲೇ ಹಾಗೆ ಬಂದಿರಬೇಕು.

ನಗು ತಡೆಯಲು ಆಗಲಿಲ್ಲ. ಅಲ್ಲಿದ್ದ ಹುಡುಗನ ಹತ್ತಿರ ಬಾಟಲಿ ಇತ್ತು. ಸ್ವಲ್ಪ ನೀರು ಕೊಡು ಮಾರಾಯ ಅಂದೆ. ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಒಳಗೆ ಹೋದೆ. ಗಾಯನದವರು ಆಗಲೇ ಶುರು ಮಾಡಿದ್ದರು.